ಅಡಿಟಿಪ್ಪಣಿ ಕಲಿಸಿದ ಪಾಠ

ನನ್ನ ತಮ್ಮನ ಮಗಳು ಕನ್ನಡ ಎಂ.ಎ. ತರಗತಿಗೆ ಸೇರಿದ್ದಾಳೆ. ನಮ್ಮ ಮನೆತನದಲ್ಲಿ ಇಂಜಿನಿಯರುಗಳು, ಲೆಕ್ಕಪರಿಶೋಧಕರು ಹಲವರಿದ್ದಾರೆ. ಕನ್ನಡವನ್ನೇ ಆರಿಸಿಕೊಂಡವಳು ಇವಳೊಬ್ಬಳು ಎಂಬ ಹೆಮ್ಮೆ ನನಗೆ. ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, "ದೊಡ್ಡಪ್ಪ, ನಾನು ಕಾವ್ಯ ಓದೋಣ ಅಂತ ಬಂದೆ. ಇಲ್ಲಿ ನೋಡಿದರೆ ಗ್ರಂಥಸಂಪಾದನೆ, ಪಾಠಾಂತರ, ಲಿಪಿಕಾರನ ದೋಷ ಅಂತ ಒಂದು ಪತ್ರಿಕೆಯೇ ಇದೆ. ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ? ಇದು ಒಣ ಲೆಕ್ಕದ ಹಾಗಿದೆ" ಎಂದು ಅಲವತ್ತುಕೊಂಡಳು. ದೂರವಾಣಿಯಲ್ಲಿ ಎರಡು ಮಾತು ಹೇಳಿ ಸಮಾಧಾನಪಡಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ನಿಜವಾದ ಉತ್ತರ ಹೇಳಬೇಕಾದರೆ ನನ್ನ ವೃತ್ತಿಜೀವನದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಅದು 1986ನೆಯ ಇಸವಿ. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಒಂಬತ್ತನೆಯ ತರಗತಿಗೆ ಕುಮಾರವ್ಯಾಸನ ಪದ್ಯಭಾಗವನ್ನು ಪಾಠ ಮಾಡುತ್ತಿದ್ದೆ. ಬಿ.ಇಡಿ. ಓದುವಾಗ ಪದ್ಯಪಾಠದ ಹಂತಗಳನ್ನು ನಮಗೆ ಚೆನ್ನಾಗಿ ತಿದ್ದಿದ್ದರು: ಪೀಠಿಕೆ, ಆದರ್ಶ ವಾಚನ, ಕಠಿಣ ಪದಗಳ ಅರ್ಥ, ಭಾವಾರ್ಥ, ಕೊನೆಗೆ ಮೌಲ್ಯಮಾಪನ. ಅದರಂತೆಯೇ ನಡೆಸಿ ಒಬ್ಬೊಬ್ಬರನ್ನೇ ಎಬ್ಬಿಸಿ ಕಂಠಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಓದಿನಲ್ಲಿ ಸಾಧಾರಣ. ಆದರೆ ಪದ್ಯವನ್ನು ಓದದೆ ರಾಗವಾಗಿ ಹಾಡಿದ. ತರಗತಿ ನಿಶ್ಶಬ್ದವಾಯಿತು. ಮೂರನೆಯ ಸಾಲಿಗೆ ಬಂದಾಗ ಪುಸ್ತಕದಲ್ಲಿದ್ದ ಪದದ ಬದಲು ಬೇರೊಂದು ಪದ ಹೇಳಿದ. ನಾನು ತಡೆದೆ. "ನಮ್ಮ ತಾತ ಹೀಗೇ ಹಾಡೋದು ಸಾರ್" ಎಂದ. "ತಾತ ಹಾಡುವುದು ಬೇಕಾಗಿಲ್ಲ, ಪುಸ್ತಕದಲ್ಲಿ ಏನಿದೆಯೋ ಅದನ್ನು ಹೇಳು" ಎಂದು ಗದರಿಸಿ, ಸರಿಯಾಗಿ ಹೇಳುವವರೆಗೆ ನಿಲ್ಲಿಸಿದೆ. ಹುಡುಗರು ನಕ್ಕರು. ಅವನು ಪುಸ್ತಕದ ಪದವನ್ನು ಹೇಳಿ ಕುಳಿತ. ಆ ವರ್ಷ ಅವನು ಮತ್ತೆ ತರಗತಿಯಲ್ಲಿ ಹಾಡಲಿಲ್ಲ.

ಆ ಪದ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ತರಗತಿಯವರಿಗೆಲ್ಲ ಅವನು ಯಾರೆಂದು ತಿಳಿದುಬಿಡುತ್ತದೆ. ಪುಸ್ತಕದ ಪದ ಸುಲಭವಾದದ್ದು, ಎಲ್ಲರಿಗೂ ಅರ್ಥವಾಗುವಂಥದು. ಹುಡುಗ ಹೇಳಿದ ಪದ ಹಳೆಯದು, ನನಗೂ ಆಗ ಅರ್ಥ ತಿಳಿಯದ್ದು ಎಂಬಿಷ್ಟನ್ನು ಮಾತ್ರ ನೆನಪಿನಲ್ಲಿಡಿ. ಈ ಕಥೆಗೆ ಕೊನೆಯಲ್ಲಿ ಮರಳಿ ಬರುತ್ತೇನೆ.

* * *

'ಪುಸ್ತಕದಲ್ಲಿ ಏನಿದೆಯೋ ಅದು' ಎಂದೆನಲ್ಲ, ಆ ಪುಸ್ತಕದೊಳಕ್ಕೆ ಅದು ಹೇಗೆ ಬಂದಿತು ಎಂಬುದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಪಂಪ ತನ್ನ ಕಾವ್ಯವನ್ನು ಮುಗಿಸಿದ್ದು ಕ್ರಿ.ಶ. 941ರಲ್ಲಿ. ಅದು ಮೊದಲು ಮುದ್ರಣವಾದದ್ದು 1898ರಲ್ಲಿ, ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ. ನಡುವೆ ಒಂಬತ್ತೂವರೆ ಶತಮಾನಗಳಿವೆ. ಪಂಪನ ಕೈಬರಹದ ಒಂದು ಗರಿಯೂ ನಮಗೆ ಉಳಿದಿಲ್ಲ. ಕುಮಾರವ್ಯಾಸನದೂ ಇಲ್ಲ, ಬಸವಣ್ಣನವರದೂ ಇಲ್ಲ. ಇರುವುದೆಲ್ಲ ಪ್ರತಿಯ ಪ್ರತಿಯ ಪ್ರತಿ.

ತಾಳೆಗರಿ ನಮ್ಮ ಹವೆಯಲ್ಲಿ ಬಹುಕಾಲ ಬಾಳುವುದಿಲ್ಲ. ಗೆದ್ದಲು, ನುಸಿ, ತೇವ, ಒಲೆಯ ಹೊಗೆ ಎಲ್ಲವೂ ಅದಕ್ಕೆ ಶತ್ರುಗಳೇ. ಆದ್ದರಿಂದ ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕುಳಿತು ಹಳೆಯ ಓಲೆಕಟ್ಟನ್ನು ನೋಡಿಕೊಂಡು ಹೊಸ ಗರಿಗಳ ಮೇಲೆ ಕಂಠದಿಂದ ಕೊರೆದು, ಮಸಿ ಸವರಿ ಹೊಸ ಪ್ರತಿ ಮಾಡಬೇಕಾಗಿತ್ತು. ಹೀಗೆ ನಕಲು ಮಾಡಿದವನೇ ಲಿಪಿಕಾರ. ಅವನಿಲ್ಲದಿದ್ದರೆ ನಮಗೆ ಹಳಗನ್ನಡವೇ ಇರುತ್ತಿರಲಿಲ್ಲ. ಅವನಿದ್ದುದರಿಂದ ತಪ್ಪುಗಳೂ ಬಂದವು.

ತಪ್ಪು ಹೇಗೆ ಆಗುತ್ತಿತ್ತು ಎಂಬುದನ್ನು ತಿಳಿದರೆ ಲಿಪಿಕಾರನ ಮೇಲೆ ಕರುಣೆಯೇ ಬರುತ್ತದೆ. ಹಳೆಯ ಓಲೆಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. 'ಇವನರಿಯ' ಎಂದಿದೆ ಎಂದುಕೊಳ್ಳಿ. 'ಇವನ್ ಅರಿಯ' ಎಂದು ಬಿಡಿಸಿದರೆ ಇವನಿಗೆ ತಿಳಿಯದು ಎಂದರ್ಥ. 'ಇವನ ಅರಿಯ' ಎಂದರೆ ಇವನ ಶತ್ರುವಿನ ಎಂದಾಯಿತು. 'ಇವ ನರಿಯ' ಎಂದು ಬಿಡಿಸಿದರೆ ಪಾಪ, ನರಿಯೇ ಬಂದು ಕೂರುತ್ತದೆ. ಮತ್ತೆ ಹಳೆಯ ಬರಹದಲ್ಲಿ ಎ-ಏ, ಒ-ಓಗಳಿಗೆ ಬೇರೆ ಬೇರೆ ಗುರುತು ಇರುತ್ತಿರಲಿಲ್ಲ. 'ಕೊಡು' ಎಂಬುದೋ 'ಕೋಡು' ಎಂಬುದೋ ಓದುವವನೇ ತೀರ್ಮಾನಿಸಬೇಕು. ಒಂದೇ ಪದ ಎರಡು ಸಾಲುಗಳಲ್ಲಿ ಬಂದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನ ಸಾಲು ಬಿಟ್ಟೇಹೋಗುತ್ತದೆ. ಕಪ್ಪುಹಲಗೆಯಿಂದ ನೋಟ್ಸ್ ಬರೆದುಕೊಳ್ಳುವಾಗ ನಿಮ್ಮಲ್ಲಿ ಎಷ್ಟು ಜನ ಹೀಗೆ ಸಾಲು ಹಾರಿಸಿದ್ದೀರಿ ಎಂಬುದು ನನಗೆ ಗೊತ್ತು!

ಇವು ಕಣ್ಣಿನ ತಪ್ಪುಗಳು. ಇದಕ್ಕಿಂತ ಅಪಾಯಕಾರಿಯಾದದ್ದು ಬುದ್ಧಿವಂತ ಲಿಪಿಕಾರನ ತಪ್ಪು. ಅವನು ಅರ್ಥವಾಗದ ಪದವನ್ನು ಕಂಡಾಗ, ಹಿಂದಿನವನು ತಪ್ಪು ಬರೆದಿರಬೇಕೆಂದು ತಿಳಿದು, ತನಗೆ ಗೊತ್ತಿರುವ ಪದವನ್ನು ಹಾಕಿ 'ತಿದ್ದುತ್ತಾನೆ'. ಅವನ ಉದ್ದೇಶ ಒಳ್ಳೆಯದೇ. ಆದರೆ ಕವಿಯ ಪದ ಅಲ್ಲಿಗೆ ಕೊನೆಯಾಗುತ್ತದೆ. ಕುಮಾರವ್ಯಾಸ ತಾನು ಹಲಗೆ ಬಳಪ ಹಿಡಿಯದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆದವನೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ತಾನೇ ಅಳಿಸದ ಪದಗಳನ್ನು ಮುಂದೆ ಬಂದವರು ಎಷ್ಟು ಅಳಿಸಿದರೋ!

* * *

ಈ ಪ್ರತಿಗಳ ಕಾಡಿನಲ್ಲಿ ಕವಿಯ ಪದವನ್ನು ಹುಡುಕುವ ವಿದ್ಯೆಯೇ ಗ್ರಂಥಸಂಪಾದನೆ. ಯುರೋಪಿನಲ್ಲಿ ಬೈಬಲ್ಲಿನ ಮತ್ತು ಗ್ರೀಕ್-ಲ್ಯಾಟಿನ್ ಕಾವ್ಯಗಳ ಹಸ್ತಪ್ರತಿಗಳನ್ನು ಹೋಲಿಸುತ್ತ ಇದು ಒಂದು ಶಾಸ್ತ್ರವಾಗಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಕಾರ್ಲ್ ಲಾಖ್‌ಮನ್ನನ ಹೆಸರಿನೊಂದಿಗೆ ಸೇರಿಕೊಂಡಿರುವ ಪದ್ಧತಿಯ ತಿರುಳನ್ನು ಉಪಾಧ್ಯಾಯರಾದವರಿಗೆ ವಿವರಿಸುವುದು ಬಹು ಸುಲಭ. ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಒಂದೇ ಸರಿಯುತ್ತರ ಬರೆದರೆ ನಾವು ಅನುಮಾನಿಸುವುದಿಲ್ಲ, ಇಬ್ಬರೂ ಓದಿರಬಹುದು. ಇಬ್ಬರೂ ಒಂದೇ ತಪ್ಪನ್ನು, ಅದೇ ಜಾಗದಲ್ಲಿ, ಅದೇ ಕಾಗುಣಿತದೊಂದಿಗೆ ಬರೆದಿದ್ದರೆ? ಒಬ್ಬ ಇನ್ನೊಬ್ಬನನ್ನು ನೋಡಿ ಬರೆದಿದ್ದಾನೆ, ಇಲ್ಲವೇ ಇಬ್ಬರೂ ಮೂರನೆಯವನನ್ನು ನೋಡಿದ್ದಾರೆ. ಹಸ್ತಪ್ರತಿಗಳ ಸಂಬಂಧವನ್ನು ತಿಳಿಯುವುದೂ ಹೀಗೆಯೇ. ಸಮಾನವಾದ ತಪ್ಪುಗಳನ್ನು ಹಿಡಿದು ಪ್ರತಿಗಳ ವಂಶವೃಕ್ಷವನ್ನು ಬರೆಯುತ್ತಾರೆ. ಆಗ ಒಂದೇ ತಾಯಿಪ್ರತಿಯಿಂದ ಹುಟ್ಟಿದ ಹತ್ತು ಓಲೆಕಟ್ಟುಗಳಿಗೆ ಒಂದೇ ಮತ, ಬೇರೆ ಶಾಖೆಯಿಂದ ಬಂದ ಒಂಟಿ ಓಲೆಕಟ್ಟಿಗೂ ಒಂದು ಮತ. ಇಲ್ಲಿ ಬಹುಮತ ನಡೆಯುವುದಿಲ್ಲ.

ಇನ್ನೊಂದು ಸೂತ್ರವಿದೆ. ಹದಿನೆಂಟನೆಯ ಶತಮಾನದಲ್ಲಿ ಬೈಬಲ್ ಪಾಠಗಳನ್ನು ಪರಿಶೀಲಿಸಿದ ಯೋಹಾನ್ ಬೆಂಗೆಲ್ ಅದನ್ನು ಸ್ಪಷ್ಟವಾಗಿ ಹೇಳಿದ. ಎರಡು ಪಾಠಗಳಲ್ಲಿ ಒಂದು ಸುಲಭ, ಒಂದು ಕಠಿಣವಾಗಿದ್ದರೆ ಸಾಮಾನ್ಯವಾಗಿ ಕಠಿಣವಾದದ್ದನ್ನೇ ಮೂಲವೆಂದು ಎಣಿಸಬೇಕು. ಕಾರಣ, ಅರ್ಥವಾಗದ ಪದವನ್ನು ಅರ್ಥವಾಗುವ ಪದವಾಗಿ ಬದಲಿಸುವವರು ಬಹಳ, ಅರ್ಥವಾಗುವುದನ್ನು ಬೇಕೆಂದೇ ಅರ್ಥವಾಗದಂತೆ ಮಾಡುವವರು ವಿರಳ. ನಮ್ಮ ವಿದ್ವಾಂಸರು ಇದನ್ನು ಕ್ಲಿಷ್ಟಪಾಠವೆಂದು ಕರೆದರು. (ಹಿಂದಿನ ಬೆಂಚಿನ ಹುಡುಗ ನೆನಪಾದನೇ? ನನಗೂ ಹೀಗೆಯೇ ನೆನಪಾದ.)

ಹಾಗೆಂದು ಇದು ಕಣ್ಣು ಮುಚ್ಚಿ ಪಾಲಿಸುವ ಲೆಕ್ಕವಲ್ಲ. ಕಠಿಣವಾದದ್ದು ಬರಿಯ ಬರಹದೋಷವೂ ಆಗಿರಬಹುದು. ಫ್ರಾನ್ಸಿನ ಜೋಸೆಫ್ ಬೆದಿಯೆ ಎಂಬ ವಿದ್ವಾಂಸ ಇನ್ನೊಂದು ಚಮತ್ಕಾರವನ್ನು ಗಮನಿಸಿದ. ಸಂಪಾದಕರು ಬರೆದ ವಂಶವೃಕ್ಷಗಳಲ್ಲಿ ಬಹುಪಾಲು ಎರಡೇ ಕೊಂಬೆಗಳಾಗಿ ಕವಲೊಡೆಯುತ್ತವೆ. ಎರಡಾದರೆ ಆಯ್ಕೆ ಸಂಪಾದಕನ ಇಷ್ಟಕ್ಕೆ ಉಳಿಯುತ್ತದೆಯಲ್ಲ! ಅದಕ್ಕಿಂತ ಒಂದು ಒಳ್ಳೆಯ ಪ್ರತಿಯನ್ನು ಹಿಡಿದು ಪ್ರಾಮಾಣಿಕವಾಗಿ ಅದನ್ನೇ ಅಚ್ಚುಮಾಡುವುದು ಮೇಲು ಎಂದು ಅವನು ವಾದಿಸಿದ. ಈ ಚರ್ಚೆ ಇಂದಿಗೂ ಮುಗಿದಿಲ್ಲ.

ಭಾರತದಲ್ಲಿ ಈ ವಿದ್ಯೆಯ ಬಹು ದೊಡ್ಡ ಸಾಹಸ ಪುಣೆಯ ಭಂಡಾರ್‌ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ನಡೆಯಿತು. ಅಲ್ಲಿ 1919ರಲ್ಲಿ ಸಂಸ್ಕೃತ ಮಹಾಭಾರತದ ಪರಿಷ್ಕೃತ ಆವೃತ್ತಿಯ ಕೆಲಸ ಆರಂಭವಾಯಿತು. 1925ರಲ್ಲಿ ವಿ.ಎಸ್. ಸುಖಠಣಕರ್ ಪ್ರಧಾನ ಸಂಪಾದಕರಾಗಿ ಅದಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. 1943ರಲ್ಲಿ ಅವರು ತೀರಿಕೊಂಡರು. ಕೆಲಸ ಮುಗಿದದ್ದು 1966ರಲ್ಲಿ. ಆರಂಭಿಸಿದವರು ಮುಗಿಯುವುದನ್ನು ನೋಡಲಾರೆವೆಂದು ತಿಳಿದೂ ಆರಂಭಿಸಿದ ಕೆಲಸ ಅದು.

* * *

ಕನ್ನಡದಲ್ಲಿ ಈ ಕಥೆ ವಿದೇಶೀಯರಿಂದ ಆರಂಭವಾಗುತ್ತದೆ ಎಂಬುದನ್ನು ಕೃತಜ್ಞತೆಯಿಂದಲೇ ಹೇಳಬೇಕು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಬಂದದ್ದು ಧರ್ಮಪ್ರಚಾರಕ್ಕೆ, ಮಾಡಿದ್ದು ಭಾಷೆಯ ಸೇವೆ. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಹೊರಬಂತು. ಮೊದಲು ವ್ಯಾಕರಣ, ಆಮೇಲೆ ಛಂದಸ್ಸು, ಆಮೇಲೆ ನಿಘಂಟು. ಈ ಮೂರಿಲ್ಲದೆ ಹಳೆಯ ಕಾವ್ಯಕ್ಕೆ ಕೈಹಾಕುವಂತಿಲ್ಲ.

ಏಕೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವಿತ್ತು. 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ. 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. ಕಾಲಕ್ರಮದಲ್ಲಿ ೞಕಾರ ಉಚ್ಚಾರಣೆಯಿಂದ ಮರೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಡಬೇಕಾಗಿ ಬಂತು ಎಂದರೆ ಆಗಲೇ ಜನಕ್ಕೆ ಗೊಂದಲವಿತ್ತೆಂದು ಊಹಿಸಬಹುದು. ಮುಂದಿನ ಲಿಪಿಕಾರರು ಎಲ್ಲವನ್ನೂ 'ಳ' ಎಂದೇ ಬರೆದರು. ಆಗ ಬಾಳುವುದು ಯಾವುದು, ಕತ್ತಿ ಯಾವುದು? ಇಲ್ಲಿ ಸಂಪಾದಕನ ನೆರವಿಗೆ ಬರುವುದು ಪ್ರಾಸ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ನಿಯಮವನ್ನು ನಾನು ನಿಮಗೆ ಬಾಯಿಪಾಠ ಮಾಡಿಸಿದ್ದೆ. ಒಂದು ಸಾಲಿನಲ್ಲಿ ನಿಸ್ಸಂದೇಹವಾಗಿ ೞಕಾರವಿದ್ದರೆ ಉಳಿದ ಸಾಲುಗಳಲ್ಲೂ ಅದೇ ಇರಬೇಕು. ಮಾತ್ರೆಗಳ ಲೆಕ್ಕವೂ ಹಾಗೆಯೇ. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಿಗೆ ಹದಿನಾಲ್ಕು ಮಾತ್ರೆ, 3 ಮತ್ತು 6ಕ್ಕೆ ಇಪ್ಪತ್ತಮೂರು. ಒಟ್ಟು 102. ಒಂದು ಕಡಮೆಯಾದರೆ ಏನೋ ಬಿದ್ದುಹೋಗಿದೆ. "ಈ ಪ್ರಸ್ತಾರ ಹಾಕುವುದು ಯಾಕೆ ಸಾರ್, ಜೀವನದಲ್ಲಿ ಏನು ಉಪಯೋಗ?" ಎಂದು ಕೇಳಿದವರೇ, ಮೂವತ್ತು ವರ್ಷ ತಡವಾಗಿಯಾದರೂ ಉತ್ತರ ಕೊಟ್ಟಿದ್ದೇನೆ. ಕವಿಗಳು ತಮ್ಮ ಮಾತಿಗೆ ತಾವೇ ಹಾಕಿಟ್ಟ ಬೀಗ ಅದು.

ರೈಸ್ ಅವರು ಕಾವ್ಯಗಳೊಂದಿಗೆ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದರು. ಕಲ್ಲನ್ನು ಯಾರೂ ನಕಲು ಮಾಡಿ ತಿದ್ದುವುದಿಲ್ಲ. ಆದ್ದರಿಂದ ಓಲೆ ಹೇಳುವುದನ್ನು ಕಲ್ಲಿನೊಂದಿಗೆ ಹೋಲಿಸಿ ನೋಡಬಹುದಾಯಿತು. ಇಂದಿನ ತೆಲಂಗಾಣದ ಕರೀಂನಗರ ಪ್ರದೇಶದ ಕುರಿಕ್ಯಾಲದಲ್ಲಿ ಸಿಕ್ಕಿದ, ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಸಂಸ್ಕೃತ, ತೆಲುಗು, ಕನ್ನಡ ಮೂರು ಭಾಷೆಗಳಲ್ಲಿರುವ ಆ ಶಾಸನದಿಂದ ಪಂಪನ ಮನೆತನದ ವಿಷಯ, ತಾಯಿ ಅಬ್ಬಣಬ್ಬೆಯ ಕಡೆಯಿಂದ ಅಣ್ಣಿಗೇರಿಯ ಸಂಬಂಧ ತಿಳಿದುಬಂತು. ಕಾವ್ಯವನ್ನು ಎಷ್ಟು ಸಲ ಓದಿದರೂ ಅದು ಸಿಕ್ಕುತ್ತಿರಲಿಲ್ಲ.

ಬಳಿಕ ನಮ್ಮವರೇ ಮುಂದೆ ಬಂದರು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು 1907, 1919, 1929ರಲ್ಲಿ ಹೊರಬಂದವು. ಯಾವ ಕವಿ ಯಾವಾಗ ಇದ್ದ, ಏನು ಬರೆದ ಎಂಬ ನೆಲಗಟ್ಟು ಅಲ್ಲಿ ಸಿದ್ಧವಾಯಿತು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗಳ ಜಗಲಿಯ ಮೇಲೆ ಬಟ್ಟೆ ಸುತ್ತಿ ಪೂಜೆಗೊಳ್ಳುತ್ತಿದ್ದ ವಚನದ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚುಮಾಡಿಸಿದರು. 1925ರಲ್ಲಿ ಇದಕ್ಕಾಗಿಯೇ ಸ್ವಂತ ಮುದ್ರಣಾಲಯ ತೆರೆದರು. ಮುಂದೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. 2015ರಲ್ಲಿ ಹತ್ಯೆಗೊಳಗಾದ ಆ ವಿದ್ವಾಂಸರು ಗ್ರಂಥಸಂಪಾದನ ಶಾಸ್ತ್ರವನ್ನು ಕುರಿತೂ ಪುಸ್ತಕ ಬರೆದಿದ್ದರು.

ನನಗೆ ಈ ಸಾಲಿನಲ್ಲಿ ಅತ್ಯಂತ ಪ್ರಿಯರಾದವರು ಡಿ.ಎಲ್. ನರಸಿಂಹಾಚಾರ್ (1906-1971). 'ವಡ್ಡಾರಾಧನೆ' ಎಂಬ ಹತ್ತೊಂಬತ್ತು ಕಥೆಗಳ ಹಳಗನ್ನಡ ಗದ್ಯಗ್ರಂಥವನ್ನು 1949ರಲ್ಲಿ ಶಾಸ್ತ್ರೀಯವಾಗಿ ಸಂಪಾದಿಸಿಕೊಟ್ಟವರು ಅವರು. ಗದ್ಯವೆಂದರೆ ಪ್ರಾಸದ ಬೀಗವೂ ಇಲ್ಲ, ಮಾತ್ರೆಯ ಲೆಕ್ಕವೂ ಇಲ್ಲ; ಅರ್ಥವನ್ನೂ ಭಾಷೆಯ ಚರಿತ್ರೆಯನ್ನೂ ಹಿಡಿದೇ ನಡೆಯಬೇಕು. ಅವರ 'ಕನ್ನಡ ಗ್ರಂಥಸಂಪಾದನೆ' ಎಂಬ ಪುಸ್ತಕ ನನ್ನ ಪಾಲಿಗೆ ಎರಡನೆಯ ಬಿ.ಇಡಿ. ಆಯಿತು. ಒಂದು ಪದದ ಬಗ್ಗೆ 'ಹೀಗಿರಬಹುದು' ಎಂದು ಹೇಳುವುದಕ್ಕೆ ಹತ್ತು ಪ್ರತಿ ನೋಡುವ ತಾಳ್ಮೆ ಅಲ್ಲಿ ಕಾಣುತ್ತದೆ.

ಒಂದೇ ಒಂದು ಪದ ಎಷ್ಟು ದೊಡ್ಡ ಪ್ರಶ್ನೆಯನ್ನು ಎಬ್ಬಿಸಬಲ್ಲದು ಎಂಬುದಕ್ಕೆ 'ಕವಿರಾಜಮಾರ್ಗ'ಕ್ಕಿಂತ ಬೇರೆ ನಿದರ್ಶನ ಬೇಡ. ಕೆ.ಬಿ. ಪಾಠಕರು 1898ರಲ್ಲಿ ಅದನ್ನು ಪ್ರಕಟಿಸಿದಾಗ ಕರ್ತೃ ರಾಷ್ಟ್ರಕೂಟ ದೊರೆ ನೃಪತುಂಗನೇ ಎಂದು ಹೇಳಿದರು. ಆದರೆ ಗ್ರಂಥ ತನ್ನನ್ನು ನೃಪತುಂಗನಿಗೆ 'ಅನುಮತ'ವಾದದ್ದೆಂದು ಕರೆದುಕೊಳ್ಳುತ್ತದೆ. ದೊರೆ ಒಪ್ಪಿದ್ದು ಬೇರೆ, ದೊರೆ ಬರೆದದ್ದು ಬೇರೆ. ಆ ಪದವನ್ನೂ ಒಳಗಿನ ಬೇರೆ ಸೂಚನೆಗಳನ್ನೂ ಹಿಡಿದು ವಿದ್ವಾಂಸರು ದೀರ್ಘಕಾಲ ಚರ್ಚಿಸಿದರು. ಇಂದು ಆಸ್ಥಾನಕವಿ ಶ್ರೀವಿಜಯನೇ ಕರ್ತೃವೆಂಬುದನ್ನು ಬಹುಮಂದಿ ಒಪ್ಪುತ್ತಾರೆ. ನಾನು ಶಾಲೆಯಲ್ಲಿ 'ನೃಪತುಂಗನ ಕವಿರಾಜಮಾರ್ಗ' ಎಂದೇ ಕಲಿತವನು.

* * *

ಇಂದು ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯವನ್ನು ನೋಡುವ ದಾರಿಗಳು ಬಹಳ. ತೀ.ನಂ. ಶ್ರೀಕಂಠಯ್ಯನವರು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ವಿವರಿಸಿದ ರಸ-ಧ್ವನಿಗಳ ದಾರಿಯಿದೆ. ಕೃತಿ ಹುಟ್ಟಿದ ಸಮಾಜವನ್ನೂ ಅದರೊಳಗಿನ ಜಾತಿ, ವರ್ಗಗಳನ್ನೂ ಕೇಳುವ ದಾರಿಯಿದೆ. ಹೆಣ್ಣಿನ ಕಣ್ಣಿನಿಂದ ಮತ್ತೆ ಓದುವ ದಾರಿಯಿದೆ. ಎಲ್ಲವೂ ಬೇಕು. ಆದರೆ ಎಲ್ಲ ದಾರಿಗಳೂ 'ಇಲ್ಲಿ ಕವಿ ಹೀಗೆ ಹೇಳುತ್ತಾನೆ' ಎಂಬ ವಾಕ್ಯದಿಂದಲೇ ಹೊರಡುತ್ತವೆ. ಹಾಗೆ ಹೇಳಿದನೇ ಎಂಬ ಪ್ರಶ್ನೆಯನ್ನು ಮೊದಲು ಯಾರಾದರೂ ಕೇಳಿರಬೇಕು. ಮಗಳೇ, ನಿನ್ನ ಒಣ ಪತ್ರಿಕೆ ಕೇಳುವುದು ಅದನ್ನೇ.

ಇದಕ್ಕೆ ಒಂದು ಮಿತಿಯಿದೆ, ಅದನ್ನೂ ಹೇಳದೆ ಬಿಡಬಾರದು. ಮಲೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಹಾಡುವವರಿಗೆ 'ಮೂಲಪಾಠ ಯಾವುದು?' ಎಂದು ಕೇಳಿದರೆ ಪ್ರಶ್ನೆಯೇ ತಪ್ಪಾಗುತ್ತದೆ. ಅಲ್ಲಿ ಪ್ರತಿಯೊಂದು ರಾತ್ರಿಯ ಹಾಡೂ ಮೂಲವೇ. ಕುಮಾರವ್ಯಾಸ ಈ ಎರಡು ಲೋಕಗಳ ನಡುವೆ ನಿಂತವನು. ಅವನು ಬರೆದ ಕವಿ ನಿಜ, ಆದರೆ ಗಮಕಿಗಳ ಬಾಯಲ್ಲಿ ಶತಮಾನಗಳ ಕಾಲ ಬದುಕಿದವನು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ, 1958ರಲ್ಲಿ ಸರ್ಕಾರ ಪ್ರಕಟಿಸಿದ ಸುಲಭ ಬೆಲೆಯ ಆವೃತ್ತಿ ಮನೆಮನೆಗೆ ಹೋಗುವ ಮೊದಲು ಹಳ್ಳಿಗಳಲ್ಲಿ ಭಾರತವಿದ್ದದ್ದು ಓಲೆಯಲ್ಲಿ, ಕೈಬರಹದ ಕಾಗದದಲ್ಲಿ, ಮತ್ತು ಆ ಹುಡುಗನ ತಾತನಂಥವರ ಕಂಠದಲ್ಲಿ.

* * *

ಈಗ ಉಳಿದ ಕಥೆ. 1994ರ ಬೇಸಿಗೆಯಲ್ಲಿ ತರಬೇತಿಗೆಂದು ಮೈಸೂರಿಗೆ ಹೋಗಿದ್ದೆ. ಬಿಡುವಿನ ಮಧ್ಯಾಹ್ನಗಳಲ್ಲಿ ಗ್ರಂಥಾಲಯದಲ್ಲಿ ಕುಳಿತು ಡಿ.ಎಲ್.ಎನ್. ಅವರ ಪುಸ್ತಕವನ್ನು ಓದುತ್ತಿದ್ದೆ. ಅದು ಹುಟ್ಟಿಸಿದ ಕುತೂಹಲದಿಂದ, ನಾನು ಹತ್ತು ವರ್ಷ ಪಾಠ ಮಾಡಿದ್ದ ಆ ಪರ್ವದ ಹಳೆಯ ವಿದ್ವತ್ ಆವೃತ್ತಿಯೊಂದನ್ನು ತರಿಸಿಕೊಂಡು ಪದ್ಯವನ್ನು ಹುಡುಕಿದೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಪಾಠಾಂತರಗಳ ಸಾಲು. ಅಲ್ಲಿ, ಒಂದು ಪ್ರತಿಯ ಸಂಕೇತಾಕ್ಷರದ ಪಕ್ಕದಲ್ಲಿ, ಆ ಹುಡುಗ ಹೇಳಿದ ಪದವಿತ್ತು.

ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತೆ. ಕಿಟ್ಟೆಲ್ ನಿಘಂಟನ್ನು ತೆಗೆದು ಪದದ ಅರ್ಥ ನೋಡಿದೆ. ಪ್ರಸಂಗಕ್ಕೆ ಚೆನ್ನಾಗಿಯೇ ಒಪ್ಪುತ್ತಿತ್ತು. ಮಾತ್ರೆ ಎಣಿಸಿದೆ, ಎರಡೂ ಪದಗಳಿಗೆ ಸರಿಹೊಂದುತ್ತಿತ್ತು. ಅದೇ ಕವಿಯ ಪದವೆಂದು ನಾನು ಹೇಳಲಾರೆ, ಆ ಅಧಿಕಾರ ನನಗಿಲ್ಲ. ಆದರೆ ತಪ್ಪು ಪದವಾಗಿರಲಿಲ್ಲ. ಯಾವುದೋ ಊರಿನ ಯಾವುದೋ ಲಿಪಿಕಾರ ಕೊರೆದಿಟ್ಟ, ವಿದ್ವಾಂಸರು ಗೌರವದಿಂದ ಅಡಿಟಿಪ್ಪಣಿಯಲ್ಲಿ ಉಳಿಸಿದ ಪದವನ್ನು ಹದಿನಾಲ್ಕು ವರ್ಷದ ಹುಡುಗ ನನ್ನ ಮುಂದೆ ಹಾಡಿದ್ದ. ಬುದ್ಧಿವಂತ ಲಿಪಿಕಾರನಂತೆ ನಾನು ಅದನ್ನು 'ತಿದ್ದಿದ್ದೆ'.

ಆ ಹುಡುಗ ಆ ವೇಳೆಗೆ ಊರು ಬಿಟ್ಟಿದ್ದ. ಮತ್ತೆ ಸಿಕ್ಕಿದ್ದು 2011ರಲ್ಲಿ, ಛತ್ರವೊಂದರ ಮದುವೆ ಊಟದ ಪಂಕ್ತಿಯಲ್ಲಿ. ಒಳ್ಳೆಯ ಉದ್ಯೋಗದಲ್ಲಿದ್ದಾನೆ, ಹೆಂಡತಿ ಮಕ್ಕಳನ್ನು ಪರಿಚಯ ಮಾಡಿಸಿದ. ಊಟವಾದ ಮೇಲೆ ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಹೇಳಿ, "ನಿನ್ನದು ತಪ್ಪಾಗಿರಲಿಲ್ಲಪ್ಪ, ತಪ್ಪು ನನ್ನದು" ಎಂದೆ. ಅವನು ಸಂಕೋಚದಿಂದ ನಕ್ಕ. "ಅವತ್ತು ತಾತನಿಗೆ ಹೇಳಿದ್ದೆ ಸಾರ್. ತಾತ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಪರೀಕ್ಷೇಲಿ ಮೇಷ್ಟ್ರು ಹೇಳಿದ ಹಾಗೇ ಬರಿ ಮಗ, ಹಾಡುವಾಗ ಮಾತ್ರ ನಮ್ಮದೇ ಹಾಡು ಅಂದಿದ್ರು" ಎಂದ.

ತಾತ ಆ ಪದವನ್ನು ಎಲ್ಲಿ ಕಲಿತರು ಎಂದು ಕೇಳಿದೆ. ಉತ್ತರ ಕೇಳಿ ನನಗೆ ಮಾತು ಹೊರಡಲಿಲ್ಲ. ಅವರ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆ ಸುತ್ತಿದ ಓಲೆಕಟ್ಟು ಒಂದಿತ್ತಂತೆ. ತಾತನಿಗೆ ಅವರ ತಾತನಿಂದ ಬಂದದ್ದು. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಯ ದಿನ ಇಳಿಸಿ, ಪೂಜೆಗಿಟ್ಟು, ಸಂಜೆ ಅದನ್ನು ನೋಡಿಕೊಂಡೇ ಹಾಡುತ್ತಿದ್ದರಂತೆ. ತಾತ ತೀರಿಕೊಂಡದ್ದು 1990ರಲ್ಲಿ. ಆಮೇಲೆ ಮನೆಯಲ್ಲಿ ಅದನ್ನು ಓದಬಲ್ಲವರಿರಲಿಲ್ಲ. ಪವಿತ್ರವಾದದ್ದು ಕಾಲಿಗೆ ಸಿಕ್ಕಬಾರದೆಂದು, ಅಸ್ಥಿಯೊಂದಿಗೆ ಅದನ್ನೂ ಹೊಳೆಗೆ ಬಿಟ್ಟರು.

ಅವರ ಮೇಲೆ ನನಗೆ ಆಕ್ಷೇಪವಿಲ್ಲ, ಭಕ್ತಿಯಿಂದಲೇ ಮಾಡಿದರು. ಆದರೆ 1986ರ ಆ ಬೆಳಿಗ್ಗೆ ನಾನು 'ಪುಸ್ತಕದಲ್ಲಿ ಏನಿದೆ' ಎನ್ನುವ ಬದಲು 'ನಿಮ್ಮ ತಾತ ಅದನ್ನು ಎಲ್ಲಿ ಕಲಿತರು?' ಎಂದು ಒಂದು ಪ್ರಶ್ನೆ ಕೇಳಿದ್ದರೆ ಆ ಓಲೆಕಟ್ಟು ಮೈಸೂರಿಗೆ ತಲುಪುತ್ತಿತ್ತೋ ಏನೋ. ತಾತ ಇನ್ನೂ ನಾಲ್ಕು ವರ್ಷ ಬದುಕಿದ್ದರು. ಶಾಲೆಯಿಂದ ಅವರ ಮನೆಗೆ ಒಂದೂವರೆ ಮೈಲಿ.

ಒಂದು ಕಟ್ಟಿನಿಂದ ಏನಾಗುತ್ತದೆ ಎನ್ನಬೇಡಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಕಟ್ಟಿನಲ್ಲಿಯೇ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು. 1909ರಲ್ಲಿ ಅದು ಅಚ್ಚಾದಾಗ ಪ್ರಾಚೀನ ಭಾರತದ ಇತಿಹಾಸವನ್ನೇ ಹೊಸದಾಗಿ ಬರೆಯಬೇಕಾಯಿತು. ಮೂಡಬಿದಿರೆಯ ಜೈನ ಭಂಡಾರ ಧವಲಾ ಗ್ರಂಥದ ಓಲೆಗಳನ್ನು ಶತಮಾನಗಳ ಕಾಲ ಕಾಪಾಡದೇ ಇದ್ದಿದ್ದರೆ 1939ರಿಂದ ಅದು ಮುದ್ರಣವಾಗುವ ಪ್ರಶ್ನೆಯೇ ಇರುತ್ತಿರಲಿಲ್ಲ.

ಆದ್ದರಿಂದ ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ಕೋರಿಕೆ. ಹಳೆಯ ಮನೆ ಕೆಡವುವಾಗ, ಪಾಲು ಹಂಚಿಕೊಳ್ಳುವಾಗ, ಅಟ್ಟ ಗುಡಿಸುವಾಗ ಓಲೆಕಟ್ಟೋ, ಹುಣಸ��ಬೀಜದ ಅಂಟು, ಇದ್ದಲು ಹಚ್ಚಿದ ಬಟ್ಟೆಯ ಕಡತವೋ, ಕೈಬರಹದ ಹಳೆಯ ಪುಸ್ತಕವೋ ಸಿಕ್ಕಿದರೆ ಹೊಳೆಗೆ ಬಿಡಬೇಡಿ, ಗುಜರಿಗೆ ಹಾಕಬೇಡಿ, ಎಣ್ಣೆ ಹಚ್ಚಿ ತೊಳೆಯಲೂ ಹೋಗಬೇಡಿ. ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ, ಧಾರವಾಡದ ಕನ್ನಡ ಅಧ್ಯಯನ ಪೀಠವಿದೆ. ತಿಳಿದವರಿಗೆ ಒಮ್ಮೆ ತೋರಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಛಾಯಾಚಿತ್ರವನ್ನಾದರೂ ತೆಗೆಯಲು ಬಿಡಿ. ಅದು ಈಗಾಗಲೇ ಅಚ್ಚಾದ ಕೃತಿಯೇ ಆಗಿರಬಹುದು. ಆದರೂ ಅದರಲ್ಲಿ ಒಂದು ಪದ ಬೇರೆ ಇರಬಹುದು.

ನಿಮ್ಮಲ್ಲಿ ಉಪಾಧ್ಯಾಯರಾದವರಿಗೆ ಇನ್ನೊಂದು ಮಾತು. ಮಗುವೊಂದು ಪುಸ್ತಕದಲ್ಲಿಲ್ಲದ ಪದ ಹೇಳಿದರೆ ತಿದ್ದುವ ಮೊದಲು ಎಲ್ಲಿ ಕೇಳಿದೆಯೆಂದು ವಿಚಾರಿಸಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ತಪ್ಪೇ ಆಗಿರುತ್ತದೆ, ಆಗ ತಿದ್ದಿ. ಉಳಿದ ಒಂದು ಸಲಕ್ಕಾಗಿ ಕೇಳುವುದನ್ನು ಬಿಡಬೇಡಿ.

ಆ ಮದುವೆಯ ದಿನ ಹೊರಡುವ ಮುನ್ನ, "ಈಗಲೂ ಆ ಪದ್ಯ ಬರುತ್ತದೆಯೇ?" ಎಂದು ಕೇಳಿದ್ದೆ. ಛತ್ರದ ಹಿಂಭಾಗದ ಜಗಲಿಯಲ್ಲಿ, ಪಾತ್ರೆ ತೊಳೆಯುವ ಸದ್ದಿನ ನಡುವೆ, ಅವನು ಮೆಲುದನಿಯಲ್ಲಿ ಹಾಡಿದ. ಮೂರನೆಯ ಸಾಲಿಗೆ ಬಂದಾಗ ನನ್ನ ಮುಖ ನೋಡಿ, ತಾತನ ಪದವನ್ನೇ ಹಾಡಿದ. ನಾನು ತಡೆಯಲಿಲ್ಲ.